ಮೂರನೆಯ ಅಂಕಿ

ಸೂರ್ಯನ ಮೇಲೆ ಕಣ್ಣಿಡುವ ನಮ್ಮ ಕೋಣೆಯಲ್ಲಿ ಅವರನ್ನು ಎಲ್ಲರೂ ಕರೆಯುವುದು ಎಣಿಕೆ ಅಕ್ಕ ಎಂದು. ಇಪ್ಪತ್ತೆರಡು ವರ್ಷದಿಂದ ಅವರದು ಒಂದೇ ಕೆಲಸ. ಸೂರ್ಯನಿಂದ ಬಂದ ಕಣಗಳು ಉಪಗ್ರಹಕ್ಕೆ ಎಷ್ಟು ಬಡಿದವೆಂದು ಐದು ನಿಮಿಷಕ್ಕೊಮ್ಮೆ ನೋಡಬೇಕು, ಅಂಕಿ ಹತ್ತು ದಾಟಿದರೆ ಧ್ರುವದ ಮೇಲೆ ಹಾರುವ ವಿಮಾನಗಳಿಗೆ ಎಚ್ಚರಿಕೆ ಕಳಿಸಬೇಕು. ಅಷ್ಟೆತ್ತರದಲ್ಲಿ ಆ ಕಣಗಳ ವಿಕಿರಣ ಒಳಗಿರುವವರ ಮೈಗೂ ತಾಗುತ್ತದೆ, ವಿಮಾನ ತಗ್ಗಿಸಿದರೆ ದಪ್ಪ ಗಾಳಿ ಅದನ್ನು ತಡೆಯುತ್ತದೆ. ಹೋದ ವರ್ಷ ಒಮ್ಮೆ ಒಂದೇ ಅಂಕಿ ನೋಡಿ ಅವಸರಪಟ್ಟು ಕಳಿಸಿಬಿಟ್ಟಿದ್ದರು. ಆಮೇಲೆ ಕಣಗಳು ಬರಲಿಲ್ಲ, ಮೇಲಿನವರಿಂದ ಸರಿಯಾಗಿ ಮಂಗಳಾರತಿಯಾಯಿತು. ಅಂದಿನಿಂದ ಸಾಲಾಗಿ ಮೂರು ಸಲ ಹತ್ತು ದಾಟುವ ತನಕ ಅಕ್ಕ ಬಾಯಿ ಬಿಡುತ್ತಿರಲಿಲ್ಲ.

ಆ ಮಧ್ಯಾಹ್ನ ಸೂರ್ಯನ ಬಲ ಅಂಚಿನ ಬಳಿ ಸ್ಫೋಟವಾಯಿತು. ಹೊಸಬರಾದರೆ, ಅದು ನಮ್ಮ ಕಡೆಗಲ್ಲ ಎಂದು ಟೀ ಕುಡಿಯಲು ಏಳುತ್ತಾರೆ. ಅಕ್ಕನ ಮುಖ ಬಿಳಿಚಿಕೊಂಡಿತು. ಸ್ಫೋಟದಲ್ಲಿ ಚಿಮ್ಮಿದ ಬಿಸಿ ಅನಿಲದ ಮೋಡದ ಮುಂಬದಿಯಲ್ಲಿ ಸಿಕ್ಕ ಕಣಗಳು ಹಿಂದೆ ಮುಂದೆ ಪುಟಿಯುತ್ತವೆ, ಪುಟಿದಷ್ಟೂ ವೇಗ ಏರುತ್ತದೆ. ಆಮೇಲೆ ಅವು ನೆಟ್ಟಗೆ ಬರುವುದಿಲ್ಲ. ಸೂರ್ಯ ತಿರುಗುತ್ತ ಬಾಗಿಸಿದ ಕಾಂತಕ್ಷೇತ್ರದ ಗೆರೆ ಹಿಡಿದು ಬರುತ್ತವೆ. ಬಲ ಅಂಚಿನ ಗೆರೆ ಬಾಗಿ ಬಾಗಿ ನಮ್ಮ ಬಾಗಿಲಿಗೇ ಬಂದು ಮುಟ್ಟುತ್ತದೆ.

ಅಕ್ಕನ ತಂಗಿ ಗಗನಸಖಿ.

"ಇವತ್ತು ಧ್ರುವದ ದಾರೀಲಿ ಹೋಗ್ತಿದಾಳೆ," ಅಂದರು. "ಇನ್ನು ಕಾಲು ಗಂಟೇಲಿ ವಿಮಾನ ಏರುತ್ತೆ. ಬಸುರಿ ಅಂತ ಕಂಪನಿಗೆ ಹೇಳಿಲ್ಲ, ಎಲ್ಲಿ ಮನೇಲಿ ಕೂರಿಸ್ತಾರೋ ಅಂತ. ನಂಗೊಬ್ಬಳಿಗೇ ಗೊತ್ತು."

ಅಂಕಿ ಏಳು. ಆಮೇಲೆ ಹನ್ನೊಂದು. ಆಮೇಲೆ ಇಪ್ಪತ್ತು. ಅಕ್ಕನ ಕೈ ಫೋನಿನ ಮೇಲಿತ್ತು.

"ಮೂರನೇದೂ ಬರ್ಲಿ ಅಕ್ಕ," ಅಂದೆ ನಾನು. ಪಕ್ಕದ ಮೇಜಿನವನು ನಾನು, ಶುದ್ಧ ಹೇಡಿ. ಬೈಗುಳ ನನ್ನ ಪಾಲಿಗೂ ಬಂದೀತೆಂದು ಹಾಗಂದೆ. ಅವರು ಕೈ ತೆಗೆದರು.

ಮೂರನೆಯದು ಅರವತ್ತು. ಎಚ್ಚರಿಕೆ ಹೊರಟಾಗ ವಿಮಾನ ನೆಲ ಬಿಟ್ಟಾಗಿತ್ತು. ಆ ಎಚ್ಚರಿಕೆ ಕಂಪನಿಯ ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ಅಲೆದು ಪೈಲಟ್‌ನ ಕಿವಿ ಮುಟ್ಟುವಷ್ಟರಲ್ಲಿ ಅಂಕಿ ಎರಡು ಸಾವಿರ ಮುಟ್ಟಿತ್ತು.

ಮರುದಿನ ತಂಗಿಯ ಫೋನ್ ಬಂತು. ಅಕ್ಕ ಸ್ಪೀಕರ್ ಹಾಕಿದರು, ನಾನೂ ಕೇಳಲಿ ಎಂದೇ ಇರಬೇಕು.

"ನಿನ್ನೆ ಇದ್ದಕ್ಕಿದ್ದ ಹಾಗೆ ವಿಮಾನ ತಗ್ಗಿಸಿಬಿಟ್ರು. ನಿನ್ನ ಕೆಲಸಾನೇ ತಾನೇ ಅಕ್ಕ?"

"ಯಾವಾಗ ತಗ್ಗಿಸಿದ್ರು?"

"ಎಲ್ಲರಿಗೂ ಊಟ ಕೊಟ್ಟು, ತಟ್ಟೆ ಎಲ್ಲ ಎತ್ತಿ ಆದ್ಮೇಲೆ."

ಅಕ್ಕ ನಿನ್ನೆಯ ಅಂಕಿಗಳ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಮಗು ಒದೀತಿದೆಯಾ?"

"ಇನ್ನೂ ಮೂರೇ ತಿಂಗಳು. ಈಗ್ಲೇ ಎಲ್ಲಿ ಒದಿಯುತ್ತೆ?" ತಂಗಿ ನಗತೊಡಗಿದಳು.

"ಇವತ್ತೇ ಡಾಕ್ಟರ ಹತ್ರ ಹೋಗು," ಅಂದರು ಅಕ್ಕ. "ಎಷ್ಟು ಹೊತ್ತು ಮೇಲಿದ್ದೆ ಅಂತ ಸರಿಯಾಗಿ ಹೇಳು."

ಆ ಕಡೆಯ ನಗು ನಿಂತುಹೋಯಿತು.