ಎಣ್ಣೆ ಜಡೆಗೆ ಗಾಳಿ ಬೀಸುವವರು

ಆಗಷ್ಟೇ ಬೆಳಕು ಹರಿಯುತ್ತಿದೆ. ಕೃಷ್ಣಮೂರ್ತಿಪುರಂನ ತಾರಸಿಯೊಂದರ ಮೇಲೆ, ಬಟ್ಟೆ ಒಣಹಾಕುವ ತಂತಿಗೆ ಅಮ್ಮನ ಚೌರಿ ಕಟ್ಟಿ, ಎದುರಿಗೆ ಟೇಬಲ್ ಫ್ಯಾನ್ ಇಟ್ಟುಕೊಂಡು ಹೇಮಶ್ರೀ ಕಣ್ಣು ಮಿಟುಕಿಸದೆ ಕೂತಿದ್ದಾರೆ. ಚೌರಿ ಹಾರುತ್ತದೆ, ಇಳಿಯುತ್ತದೆ. ಪಕ್ಕದ ಮನೆಯ ಗಿರಿಜಾಂಬಾ ತುಳಸಿಗೆ ನೀರೆರೆಯುತ್ತಾ, ಬಿಸಿಲಿಗೇ ಒಣಗುತ್ತಿತ್ತಲ್ಲಮ್ಮ, ಕರೆಂಟು ಯಾಕೆ ದಂಡ ಎನ್ನುತ್ತಾರೆ.

ಹೇಮಶ್ರೀ ಅನಿಮೇಷನ್ ಸ್ಟುಡಿಯೋದಲ್ಲಿ ಗಾಳಿ ಬೀಸುತ್ತಾರೆ. ಕಂಪ್ಯೂಟರಿನೊಳಗಿನ ಹುಲ್ಲು, ಆಡಿನ ತುಪ್ಪಳ, ಹುಡುಗಿಯ ಕೂದಲು ತಾವಾಗಿ ಅಲುಗುವುದಿಲ್ಲ; ಗಾಳಿ ಯಾವ ಕಡೆಯಿಂದ, ಯಾವ ಎಳೆ ಎಷ್ಟು ಬಾಗಬೇಕು, ಎಲ್ಲವನ್ನೂ ಹೇಳಿಕೊಡಬೇಕು. ಹೆಣ್ಣು ನೋಡಲು ಬಂದವರಿಗೆ ಇದನ್ನೆಲ್ಲ ವಿವರಿಸಿದಾಗ, ಗಂಡಿನ ಸೋದರಮಾವ ಉಪ್ಪಿಟ್ಟು ಮುಗಿಸಿ ಕೇಳಿದ್ದು ಇಷ್ಟೇ: "ಅಂದ್ರೆ ಫ್ಯಾನ್ ಕಂಪನಿನಾ?"

ಈಗ ಕೈಯಲ್ಲಿರುವುದು ಬದುವಿನ ಮೇಲೆ ಆಡು ಕಾಯುವ ಹುಡುಗಿಯ ದೃಶ್ಯ. ಹೇಮಶ್ರೀ ಒಬ್ಬರೇ ಹೊತ್ತುಕೊಂಡ ಮೊದಲನೆಯದು. ಹುಲ್ಲು ಪಾಸು, ಆಡೂ ಪಾಸು. ಹುಡುಗಿಯ ಕೂದಲು ಮಾತ್ರ ಮತ್ತೆ ಮತ್ತೆ ವಾಪಸು. ಶಾಂಪೂ ಜಾಹೀರಾತಿನವಳ ಹಾಗಿದ್ದಾಳೆ ಎಂಬುದು ಮೇಲ್ವಿಚಾರಕ ವಿಜಯ್‌ಕುಮಾರ್ ತಕರಾರು. ಇವತ್ತು ಸಂಜೆಯೊಳಗೆ ಸರಿಹೋಗದಿದ್ದರೆ ದೃಶ್ಯ ಬೇರೆಯವರ ಪಾಲು, ಪರದೆಯ ಮೇಲಿನ ಹೆಸರೂ ಅವರದೇ.

ಅಷ್ಟರಲ್ಲಿ ಅಮ್ಮ ಮಾದೇವಮ್ಮ ಎಣ್ಣೆ ಬಟ್ಟಲು ಹಿಡಿದು ಮೇಲೆ ಬರುತ್ತಾರೆ. ಸಂಜೆ ಆರತಕ್ಷತೆಗೆ ಹೋಗಬೇಕು, ಚೌರಿ ಕೊಡು ಎಂದು ಗೊಣಗುತ್ತಲೇ ಮಗಳ ನೆತ್ತಿಗೆ ಎಣ್ಣೆ ಸುರಿದು, ತಟ್ಟಿ, ಬಿಗಿಯಾಗಿ ಜಡೆ ಹೆಣೆಯುತ್ತಾರೆ. ಫ್ಯಾನ್ ತಿರುಗುತ್ತಲೇ ಇದೆ. ಹೇಮಶ್ರೀ ಫೋನಿನ ಗಾಜಿನಲ್ಲಿ ಮುಖ ನೋಡಿಕೊಂಡರೆ, ಜಡೆ ಜಪ್ಪಯ್ಯ ಅನ್ನುತ್ತಿಲ್ಲ. ಹಣೆಯಂಚಿನ ಪುಟ್ಟ ಕೂದಲು ಮಾತ್ರ ಕುಣಿಯುತ್ತಿದೆ.

"ಅಮ್ಮ, ಆ ಹುಡ್ಗಿಗೆ ಎಣ್ಣೇನೇ ಹಚ್ಚಿಲ್ಲ ಕಣಮ್ಮ ನಾನು."

"ಯಾಕೆ, ಅವ್ಳ ತಾಯಿ ಎಲ್ಲೋದ್ಳು?"

ಹೇಮಶ್ರೀ ಆಗಲೇ ಮೆಟ್ಟಿಲಿಳಿಯುತ್ತಿದ್ದಾರೆ. ಚೌರಿಯನ್ನು ಬ್ಯಾಗಿಗೆ ತುರುಕಿಕೊಂಡು ಸ್ಟುಡಿಯೋಗೆ ಓಡಿಯಾಗಿದೆ. ದಿನವಿಡೀ ಹುಡುಗಿಯ ಕೂದಲ ಎಳೆಗಳನ್ನು ಒಂದಕ್ಕೊಂದು ಅಂಟಿಸಿ, ಜಡೆಗೆ ಭಾರ ಕೊಟ್ಟು, ಹಣೆಯಂಚನ್ನಷ್ಟೇ ಗಾಳಿಗೆ ಬಿಡುತ್ತಾರೆ. ಅವರ ಜಡೆ ತಗುಲಿ ಕುರ್ಚಿಯ ಬೆನ್ನಿಗೂ ಎಣ್ಣೆ. ಸಂಜೆ ವಿಜಯ್‌ಕುಮಾರ್ ಎರಡು ಸಲ ನೋಡಿ, "ಹೂಂ, ಮುಂದಿನ್ದು ತೋರ್ಸಿ" ಎನ್ನುತ್ತಾರೆ. ಅಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

"ಕೂದ್ಲು ಚೆನ್ನಾಗಿ ಹಾರ್ತು ಅಂತ ಯಾರೂ ಅನ್ಬಾರ್ದು ಕಣ್ರೀ. ಗಾಳಿ ಬೀಸ್ತಿದೆ ಅನ್ನಿಸ್ಬೇಕು, ಅಷ್ಟೇ ನನ್ನಾಸೆ" ಎನ್ನುತ್ತಾರೆ ಹೇಮಶ್ರೀ.

ಹಾಗೆನ್ನುವಷ್ಟರಲ್ಲಿ ಸ್ಟುಡಿಯೋ ಬಾಗಿಲಲ್ಲಿ ರೇಷ್ಮೆ ಸೀರೆಯ ಮಾದೇವಮ್ಮ, ಚೌರಿಗಾಗಿ ಬಂದವರು. ಬೈಯಲು ತೆರೆದ ಬಾಯಿ ಪರದೆ ಕಂಡು ಅಲ್ಲೇ ನಿಲ್ಲುತ್ತದೆ. ನೋಡುತ್ತಾ ನೋಡುತ್ತಾ ಸೆರಗನ್ನು ಕಿವಿಯ ಮೇಲೆ ಎಳೆದುಕೊಳ್ಳುತ್ತಾರೆ.

"ಈ ಗಾಳೀಲಿ ಮಗೂನ ಆಚೆ ಕಳ್ಸಿದ್ದಾರಲ್ಲ. ಕಿವಿಗೊಂಚೂರು ಹತ್ತಿನಾದ್ರೂ ಇಡಬಾರ್ದಾ?"