ಉಪ್ಪು ಬನ್ನಿನ ಸಾಲು

ಬೀದಿದೀಪಗಳು ಇನ್ನೂ ಆರಿಲ್ಲ. ಬೇಕರಿಯ ಹಿಂದಿನ ಕೋಣೆಯಲ್ಲಿ ಬನ್ನಕ್ಕ ಸೆರಗು ಸಿಕ್ಕಿಸಿಕೊಂಡು ಹಿಟ್ಟಿನ ದೊಡ್ಡ ಬೋಗುಣಿಯ ಮುಂದೆ ನಿಂತಿದ್ದಾರೆ. ಒಂದು ಬಟ್ಟಲು ಉಪ್ಪು ಸುರಿಯುತ್ತಾರೆ. ಇನ್ನೊಂದು ಬಟ್ಟಲು ಸುರಿಯುತ್ತಾರೆ. ಮೂರನೆಯದಕ್ಕೆ ಕೈಹಾಕುವಾಗ ಅವರಿಗೇ ನಗು ತಡೆಯಲಾಗುವುದಿಲ್ಲ. "ಅಂಗಡಿ ಮುಚ್ಚಿಸೋ ಕೆಲಸ ಇದು. ಆದ್ರೂ ಇವತ್ತು ಬೇಕು," ಎನ್ನುತ್ತಾ ಅದನ್ನೂ ಸುರಿದೇಬಿಡುತ್ತಾರೆ.

ಇಷ್ಟು ಉಪ್ಪು ಬಿದ್ದರೆ ಹಿಟ್ಟು ಮುನಿಸಿಕೊಳ್ಳುತ್ತದೆ. ಎಷ್ಟು ಹೊತ್ತು ಕಾದರೂ ಸರಿಯಾಗಿ ಉಬ್ಬುವುದಿಲ್ಲ. ಬೆಂದ ಮೇಲೆ ಬನ್ನು ಕೈಗೆ ಭಾರ, ಬಾಯಿಗೆ ಹಿಂಸೆ. ಸಿಹಿ ಬನ್ನಿಗೇ ಹೆಸರಾದ ಅಂಗಡಿ ಇದು, ದಿನಕ್ಕೆ ಆರುನೂರು ಬನ್ನು ಮಧ್ಯಾಹ್ನದೊಳಗೆ ಖಾಲಿ. ಇಂಥ ಅಂಗಡಿಯಾಕೆ ಬೇಕೆಂದೇ ಬನ್ನು ಕೆಡಿಸುತ್ತಿದ್ದಾರೆ ಎಂದರೆ ತಲೆ ಕೆಟ್ಟಿದೆಯೇ ಎಂದು ಯಾರಿಗಾದರೂ ಅನ್ನಿಸಬೇಕು. ಈ ಬೀದಿಯಲ್ಲಿ ಮಾತ್ರ ಯಾರಿಗೂ ಅನ್ನಿಸುವುದಿಲ್ಲ.

ಪಕ್ಕದ ಸ್ಟೂಲಿನ ಮೇಲೆ ಅವರ ಗಂಡ ಕೂತಿದ್ದಾರೆ. ಎಲ್ಲರೂ ಅವರನ್ನು ಕರೆಯುವುದು ಮಾಸ್ಟರ್ ಎಂದೇ. ಬನ್ನಕ್ಕ ಹಿಟ್ಟಿನ ಉಂಡೆ ಮುಂದಿಟ್ಟರೆ ಸಾಕು, ಮಾಸ್ಟರ್ ಕೈ ತಾನಾಗಿ ಎದ್ದು ಬರುತ್ತದೆ. ಅಂಗೈಯಲ್ಲಿ ಎರಡು ಸುತ್ತು, ಅಡಿಯಲ್ಲಿ ಹೆಬ್ಬೆರಳಿನಿಂದ ಒಂದು ಮಡಿಕೆ, ಟ್ರೇಗೆ. ಆ ಮಡಿಕೆ ಬೇರೆ ಯಾವ ಬೇಕರಿಯ ಬನ್ನಿಗೂ ಇಲ್ಲ. ತಾನು ಯಾವ ಅಂಗಡಿಯಲ್ಲಿ ಕೂತಿದ್ದೇನೆ, ಉಂಡೆ ಕೊಡುತ್ತಿರುವಾಕೆ ಯಾರು ಎಂಬುದು ಅವರಿಗೆ ಒಂದೊಂದು ದಿನ ಗೊತ್ತಿರುತ್ತದೆ, ಒಂದೊಂದು ದಿನ ಇಲ್ಲ. ಇವತ್ತು ಇಲ್ಲ.

ಮಾಸ್ಟರ್‌ಗೆ ಆಲ್‌ಝೈಮರ್ಸ್. ಅದು ಗೊತ್ತಾದ ಮೇಲೂ ಬನ್ನಕ್ಕ ತಿಂಗಳುಗಟ್ಟಲೆ ಬಾಯಿ ಬಿಡಲಿಲ್ಲ. ಬನ್ನು ಸೀದರೆ ಒಲೆಯ ಮೇಲೆ ಗೂಬೆ ಕೂರಿಸುತ್ತಿದ್ದರು. ಚಪ್ಪಟೆಯಾದರೆ ಹೊಸ ಹಿಟ್ಟು ಸರಿಯಿಲ್ಲ ಎನ್ನುತ್ತಿದ್ದರು. "ಆ ಹಿಟ್ಟಿನ ವ್ಯಾಪಾರಿಗೆ ನಾನು ಹಾಕಿದ ಶಾಪ ಅಷ್ಟಿಷ್ಟಲ್ಲ. ಪಾಪ, ಅವನು ಇವತ್ತಿಗೂ ಎದುರು ಸಿಕ್ಕಿದ್ರೆ ನಂಗೆ ನಾಚಿಕೆ," ಎಂದು ಈಗ ನಗುತ್ತಾರೆ.

ಒಂದು ದಿನ ಬೆಳಿಗ್ಗೆ ಮಾಸ್ಟರ್ ಉಪ್ಪು ಹಾಕಿದರು. ಹಾಕಿದ್ದು ಮರೆತು ಮತ್ತೆ ಹಾಕಿದರು. ಅದನ್ನೂ ಮರೆತು ಇನ್ನೊಮ್ಮೆ. ಮುಂದೆ ಗಿರಾಕಿಗಳ ಗದ್ದಲದಲ್ಲಿ ಮುಳುಗಿದ್ದ ಬನ್ನಕ್ಕನಿಗೆ ಗೊತ್ತಾಗುವಷ್ಟರಲ್ಲಿ ಬನ್ನು ಬೀದಿಯ ತುಂಬಾ ಹಂಚಿಹೋಗಿತ್ತು. ಹತ್ತು ನಿಮಿಷಕ್ಕೆಲ್ಲ ಜನ ವಾಪಸ್. "ಏನ್ರೀ ಇದು, ಬನ್ನೋ ಸಮುದ್ರವೋ?" ಎಂದು ಎದುರಂಗಡಿಯ ಟೈಲರ್ ಎಲ್ಲರಿಗೂ ಕೇಳುವಂತೆ ಕೂಗಾಡಿದರು.

ಎಂದಿನಂತೆ ಹಿಟ್ಟಿನ ವ್ಯಾಪಾರಿಯ ಹೆಸರು ಬನ್ನಕ್ಕನ ನಾಲಿಗೆಯ ತುದಿಗೆ ಬಂದಿತ್ತು. ಒಳಗಿನಿಂದ ಮಾಸ್ಟರ್ ಬಾಗಿಲಿಗೆ ಬಂದು, ಬೈಗುಳ ಯಾರಿಗೆ ಎಂದು ತಿಳಿಯದೆ ಮಕ್ಕಳಂತೆ ಪಿಳಿಪಿಳಿ ನೋಡುತ್ತ ನಿಂತರು. ಬನ್ನಕ್ಕ ಆ ಹೆಸರನ್ನು ನುಂಗಿಕೊಂಡರು. "ಹಿಟ್ಟಿನ ತಪ್ಪಲ್ಲ, ಒಲೆ ತಪ್ಪೂ ಅಲ್ಲ. ಇವರಿಗೆ ಮರೆವಿನ ಕಾಯಿಲೆ. ಇಷ್ಟು ದಿನ ಸುಳ್ಳು ಹೇಳ್ತಿದ್ದೆ," ಎಂದುಬಿಟ್ಟರು.

ಟೈಲರ್ ಕೈಯಲ್ಲಿದ್ದ ಬನ್ನನ್ನು ಇನ್ನೊಮ್ಮೆ ಕಚ್ಚಿದರು, ಮುಖ ಹಿಂಡಿಕೊಂಡು ನುಂಗಿದರು. "ಇನ್ನೊಂದು ಕೊಡಿ," ಎಂದರು. ಆಮೇಲೆ ದನಿ ತಗ್ಗಿಸಿ, "ನಮ್ಮಮ್ಮನಿಗೂ ಅದೇ. ಮಹಡಿ ಮೇಲಿದ್ದಾರೆ. ಊರಿಗೆಲ್ಲ ಮಂಡಿನೋವು ಅಂತ ಹೇಳ್ಕೊಂಡಿದ್ದೀನಿ," ಎಂದರು. ಅವರ ಬೆನ್ನಿಗೇ ಔಷಧದಂಗಡಿಯಾಕೆ ಬಾಯಿಬಿಟ್ಟರು, ಅವರ ಭಾವನಿಗಂತೆ. ಅವತ್ತು ಸಂಜೆಯೊಳಗೆ ಆ ಒಂದೇ ಬೀದಿಯಲ್ಲಿ ಐದು ಮನೆಗಳ ಗುಟ್ಟು ಹೊರಬಿತ್ತು.

ಅಲ್ಲಿಂದ ಬನ್ನಕ್ಕ ಕಾಲಿಗೆ ಚಕ್ರ ಕಟ್ಟಿಕೊಂಡರು. ಮಾಸ್ಟರನ್ನು ತೋರಿಸುವ ಆಸ್ಪತ್ರೆಯಲ್ಲಿ ಈ ಕಾಯಿಲೆಯ ಮೇಲೆ ಸಂಶೋಧನೆ ಮಾಡುವ ಡಾಕ್ಟರಮ್ಮ ಒಬ್ಬರಿದ್ದಾರೆ. ಕಾಯಿಲೆ ಹೊರಗೆ ಕಾಣಿಸುವುದಕ್ಕೆ ಬಹಳ ಮೊದಲೇ ಒಳಗೆ ಶುರುವಾಗಿರುತ್ತದಂತೆ. ಅದನ್ನು ಹಿಡಿಯಬೇಕಾದರೆ ಚೆನ್ನಾಗಿರುವವರೇ ಬರಬೇಕು, ನೆನಪಿನ ಪರೀಕ್ಷೆಗೆ ಕೂರಬೇಕು, ಒಂದಿಷ್ಟು ರಕ್ತ ಕೊಡಬೇಕು, ವರ್ಷ ವರ್ಷ ಮತ್ತೆ ಬರಬೇಕು. "ದುಡ್ಡು ಕೊಡೋರು ಹೆಂಗೋ ಸಿಕ್ತಾರೆ ಅಕ್ಕ, ತಲೆ ಕೊಡೋರೇ ಸಿಗಲ್ಲ," ಎಂದು ಡಾಕ್ಟರಮ್ಮ ಅಲವತ್ತುಕೊಂಡಿದ್ದರು. "ಅದಕ್ಕೇನಂತೆ, ನಮ್ಮ ಬೀದಿ ತುಂಬ ಬರೀ ತಲೆಗಳೇ!" ಎಂದು ಬನ್ನಕ್ಕ ಮಾತು ಕೊಟ್ಟು ಬಂದರು.

ಆದರೆ ಪರೀಕ್ಷೆಗೆ ಬಂದವರು ಒಂಬತ್ತೇ ಜನ. ಆಸ್ಪತ್ರೆಯವರು ತಮ್ಮ ವ್ಯಾನನ್ನು ಆಟದ ಮೈದಾನದ ನಡುಮಧ್ಯೆ ನಿಲ್ಲಿಸಿದ್ದರು. ಮೆಟ್ಟಿಲು ಹತ್ತಿದವರು ನಾಲ್ಕೂ ದಿಕ್ಕಿಗೆ ಕಾಣುತ್ತಿದ್ದರು. ಹತ್ತಿದರೆ ತಲೆ ಕೆಟ್ಟಿದೆ ಅಂತಾರೆ, ಮಗಳಿಗೆ ಸಂಬಂಧ ಬರಲ್ಲ, ಕೆಲಸದಲ್ಲಿ ಅನುಮಾನ ಪಡ್ತಾರೆ ಎಂದು ಒಬ್ಬೊಬ್ಬರದು ಒಂದೊಂದು ರಾಗ. ಇನ್ನೊಂದು ಸಲ ಬರುತ್ತೇವೆ, ನೂರು ಜನವಾದರೂ ಆಗದಿದ್ದರೆ ವ್ಯಾನು ಬೇರೆ ಊರಿಗೆ, ಈ ಊರು ಅಧ್ಯಯನದಿಂದ ಹೊರಗೆ ಎಂದು ಡಾಕ್ಟರಮ್ಮ ಕೈಚೆಲ್ಲಿದರು.

ಉಪಾಯ ಹೊಳೆದದ್ದು ಗಲ್ಲಾದ ಹಿಂದೆ. ಬನ್ನಿಗೆ ನಿಂತ ಸಾಲನ್ನು ನೋಡುತ್ತಾ ನೋಡುತ್ತಾ ಬನ್ನಕ್ಕನ ಕಣ್ಣರಳಿತು. ಬನ್ನಿಗೆ ನಿಂತವರನ್ನು ಯಾಕೆ ನಿಂತೆ ಎಂದು ಯಾರೂ ಕೇಳುವುದಿಲ್ಲ! ವ್ಯಾನನ್ನು ಅಂಗಡಿಯ ಗೋಡೆಗೇ ಒತ್ತಿ ನಿಲ್ಲಿಸುವುದು. ಸಾಲು ಒಂದೇ. ಅವತ್ತು ಅಂಗಡಿಯಲ್ಲಿ ಉಪ್ಪು ಬನ್ನು ಮಾತ್ರ, ಅದೂ ಪುಕ್ಕಟೆ. ಬೀದಿಯ ಬಾಯಿ ಬಿಡಿಸಿದ್ದು ಅದೇ ಬನ್ನಲ್ಲವೇ. ತಿನ್ನುವವರು ತಿಂದು ಹೋಗಲಿ, ಮನಸ್ಸಿದ್ದವರು ಪಕ್ಕದ ಬಾಗಿಲಿಂದ ವ್ಯಾನಿನೊಳಗೆ ನುಸುಳಲಿ. ಸಾಲಿನಲ್ಲಿ ಯಾರು ಯಾತಕ್ಕೆ ನಿಂತಿದ್ದಾರೆ ಎಂದು ಬ್ರಹ್ಮನಿಗೂ ಗೊತ್ತಾಗಬಾರದು.

ಬೀದಿಗೆ ಬೀದಿಯೇ ಕುಣಿದಾಡಿತು, ಒಬ್ಬಳ ಹೊರತು. ನಗರ ಬಸ್ಸಿನ ಡ್ರೈವರ್ ಆಗಿರುವ ಮಗಳು ಉರಿದುಬಿದ್ದಳು. "ಅಪ್ಪ ಮಾಡಿದ ತಪ್ಪನ್ನ ಊರಿಗೆಲ್ಲ ಹಂಚ್ತೀಯಾ? ಅವರನ್ನ ನಗೆಪಾಟಲು ಮಾಡ್ತಿದ್ದೀಯಮ್ಮ," ಎಂದು ಹೇಳಿ ಹೋದವಳು ಮೂರು ವಾರದಿಂದ ಈ ಕಡೆ ತಲೆ ಹಾಕಿಲ್ಲ. "ಅವಳ ಸಿಟ್ಟಲ್ಲ ಅದು, ಭಯ," ಎನ್ನುತ್ತಾರೆ ಬನ್ನಕ್ಕ, ಟ್ರೇಯನ್ನು ಒಲೆಗೆ ತಳ್ಳುತ್ತಾ. "ಅಪ್ಪನಿಗೆ ಬಂದಿದ್ದು ನಾಳೆ ನಂಗೂ ಬಂದ್ರೆ ಅಂತ. ಆ ಭಯ ನಂಗೂ ಇದೆ ನೋಡಿ. ಇವರಿಗೆ ಔಷಧಿ ಸಿಗುತ್ತೆ ಅನ್ನೋ ಆಸೆ ನಂಗಿಲ್ಲ. ಅವಳ ಕಾಲಕ್ಕಾದ್ರೂ ಸಿಗಲಿ ಅಂತ ಬಡ್ಕೋತಿದ್ದೀನಿ."

ಬೆಳಕು ಹರಿಯುತ್ತದೆ. ಬನ್ನಕ್ಕ ಬಾಗಿಲು ತೆಗೆಯುತ್ತಾರೆ. ಹೊರಗೆ ನೋಡಿದರೆ ಸಾಲು ಔಷಧದಂಗಡಿ ದಾಟಿ ಮೂಲೆ ತಿರುಗಿದೆ! ಮೊದಲು ನಿಂತವರು ಟೈಲರ್. ಮಹಡಿಯ ಮೇಲೆ ಬಚ್ಚಿಟ್ಟಿದ್ದ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಪಕ್ಕದಲ್ಲೇ ಇಟ್ಟುಕೊಂಡಿದ್ದಾರೆ. ಬನ್ನು ಕಚ್ಚುವುದೇನು, ಕೆಮ್ಮುವುದೇನು, ನೀರಿಗೆ ಓಡುವುದೇನು! ಶಾಲೆಯ ಹೆಡ್‌ಮಾಸ್ಟರ್ ಕಣ್ಣು ಮುಚ್ಚಿ ಇಡೀ ಬನ್ನು ನುಂಗಿ, ಯುದ್ಧ ಗೆದ್ದವರಂತೆ ವ್ಯಾನಿನೊಳಗೆ ನುಗ್ಗುತ್ತಾರೆ. ಹೊರಬಂದ ಕ್ಷೌರಿಕ, "ಐದು ಪದ ನೆನಪಿಟ್ಕೊಳ್ಳಿ ಅಂದ್ರು, ನಾಲ್ಕು ಹೇಳ್ದೆ. ಐದನೇದು, ಹೆಂಡ್ತಿ ತರೋಕೆ ಹೇಳಿ ನಾನು ಮರೆತ ಸಾಮಾನಿನ ಜೊತೆ ಹೋಯ್ತು," ಎಂದು ಬೀದಿಯನ್ನೆಲ್ಲ ನಗಿಸುತ್ತಾರೆ.

ಹತ್ತು ಗಂಟೆಯ ಹೊತ್ತಿಗೆ ಡಾಕ್ಟರಮ್ಮ ಕಿಟಕಿಯಿಂದ ತಲೆ ಹೊರಹಾಕಿ, ಹೆಸರು ಬರೆಸಿದವರು ಅರವತ್ತು ಎನ್ನುತ್ತಾರೆ. ಆಮೇಲೆ ಎಪ್ಪತ್ತೆಂಟು. ಬನ್ನಕ್ಕನ ಮುಖದಲ್ಲಿ ಕಳೆ ಏರುತ್ತದೆ. ತಿರುಗಿ ಟ್ರೇ ನೋಡುತ್ತಾರೆ. ಏರಿದ ಕಳೆ ಇಳಿಯುತ್ತದೆ. ಬನ್ನು ಮುಗಿದಿದೆ. ಕದ್ದು ತೆಗೆದಿಟ್ಟ ಒಂದು ಬಿಟ್ಟರೆ ಒಂದು ಚೂರೂ ಇಲ್ಲ. ಇನ್ನೊಂದು ಸಲ ಹಿಟ್ಟು ಕಲಸಿದರೆ ಬೇಯುವಷ್ಟರಲ್ಲಿ ಮಧ್ಯಾಹ್ನ.

ಬನ್ನೇ ಇಲ್ಲ ಎಂದರೆ ನೆಪವೂ ಇಲ್ಲ. ಇನ್ನು ಸಾಲಿನಲ್ಲಿ ಉಳಿದವರು ಯಾತಕ್ಕೆ ನಿಂತಿದ್ದಾರೆ ಎಂಬುದು ಹಾದಿಯಲ್ಲಿ ಹೋಗುವ ಮಗುವಿಗೂ ಗೊತ್ತು. ಸುಳ್ಳು ಹೇಳುವ ಕಾಲ ಬನ್ನಕ್ಕನ ಪಾಲಿಗೆ ಎಂದೋ ಮುಗಿದಿದೆ. ಹೊಸ್ತಿಲಿಗೆ ಬಂದು ಕೈ ಮುಗಿಯುತ್ತಾರೆ. "ಬನ್ನು ಖಾಲಿ. ಇನ್ನು ಇರೋದು ವ್ಯಾನು ಮಾತ್ರ," ಎನ್ನುತ್ತಾರೆ.

ಒಬ್ಬರ ಮುಖ ಇನ್ನೊಬ್ಬರು ನೋಡುತ್ತಾರೆ. ಯಾರೋ ಒಂದು ಹೆಜ್ಜೆ ಪಕ್ಕಕ್ಕೆ ಸರಿಯುತ್ತಾರೆ. ಆಗಲೇ ಮೂಲೆಯಲ್ಲಿ ಬಸ್ಸಿನ ಸಮವಸ್ತ್ರ ಕಾಣಿಸುತ್ತದೆ. ಬೆಳಗಿನ ಪಾಳಿ ಮುಗಿಸಿ ಬಂದ ಮಗಳು ಅಮ್ಮನನ್ನೂ ನೋಡದೆ, ಯಾರನ್ನೂ ಮಾತಾಡಿಸದೆ, ನೆಟ್ಟಗೆ ನಡೆದು ಸಾಲಿನ ಕೊನೆಯಲ್ಲಿ ನಿಲ್ಲುತ್ತಾಳೆ.

"ಬನ್ ಮುಗೀತಂತಮ್ಮ," ಎಂದು ಮುಂದಿದ್ದ ಅಜ್ಜಿ ತಿರುಗಿ ಹೇಳುತ್ತಾರೆ.

"ಕೇಳಿಸ್ತಜ್ಜಿ. ನಾನು ಬನ್ನಿಗೆ ಬಂದಿಲ್ಲ. ಮಾಸ್ಟರ್ ಮಗಳು ನಾನು."

ಪಕ್ಕಕ್ಕೆ ಸರಿದಿದ್ದ ಹೆಜ್ಜೆ ವಾಪಸ್ ಸಾಲಿಗೆ ಬರುತ್ತದೆ. ಒಬ್ಬರೂ ಕದಲುವುದಿಲ್ಲ. ಕದಲುವುದಿರಲಿ, ಮಗಳ ಹಿಂದೆ ಅವಳ ಬಸ್ಸಿನ ಕಂಡಕ್ಟರ್, ಅವರ ಹಿಂದೆ ಡಿಪೋದ ಮೆಕ್ಯಾನಿಕ್‌ಗಳು! ಮಧ್ಯಾಹ್ನದ ಬಿಸಿಲಿನಲ್ಲಿ ಡಾಕ್ಟರಮ್ಮ ವ್ಯಾನಿನಿಂದ ಜಿಗಿದು ಬಂದು ಬನ್ನಕ್ಕನನ್ನು ತಬ್ಬಿಕೊಳ್ಳುತ್ತಾರೆ. ನೂರು ದಾಟಿದೆ, ಸಾಲು ಇನ್ನೂ ಇದೆ. ಟೈಲರ್ ಶಿಳ್ಳೆ ಹೊಡೆಯುತ್ತಾರೆ, ಅವರ ಅಮ್ಮ ಏನೆಂದು ತಿಳಿಯದಿದ್ದರೂ ಚಪ್ಪಾಳೆ ತಟ್ಟುತ್ತಾರೆ. ಬನ್ನಕ್ಕ ಅಳುತ್ತಲೂ ಇದ್ದಾರೆ, ನಗುತ್ತಲೂ ಇದ್ದಾರೆ, ಕೆನ್ನೆಯ ತುಂಬಾ ಹಿಟ್ಟು.

ಗದ್ದಲಕ್ಕೆ ಮಾಸ್ಟರ್ ಬಾಗಿಲಿಗೆ ಬರುತ್ತಾರೆ. ಅವರಿಗೆ ಹಸಿವು. ಬನ್ನಕ್ಕ ತೆಗೆದಿಟ್ಟಿದ್ದ ಆ ಒಂದು ಬನ್ನನ್ನು ಅವರ ಕೈಗಿಡುತ್ತಾರೆ. ಮಾಸ್ಟರ್ ಕಚ್ಚುತ್ತಾರೆ, ಮುಖ ಸಿಂಡರಿಸುತ್ತಾರೆ.

"ಏನಮ್ಮಾ ಇದು, ಇಷ್ಟೊಂದು ಉಪ್ಪು! ಯಾರು ಮಾಡಿದ್ದು?"

"ನಮ್ಮ ಯಜಮಾನ್ರು."

ಮಾಸ್ಟರ್ ಬನ್ನನ್ನು ಮಗುಚಿ ಅಡಿಯ ಮಡಿಕೆಯನ್ನು ಬೆರಳಲ್ಲಿ ಸವರಿ ನೋಡುತ್ತಾರೆ. "ಕೈ ಚೆನ್ನಾಗಿದೆ ಅವರದು," ಎನ್ನುತ್ತಾರೆ. "ಬೈಬೇಡಮ್ಮ, ಪಾಪ."

"ಬೈತೀನಾ?" ಬನ್ನಕ್ಕ ಮೂಲೆಯವರೆಗೆ ನಿಂತ ಸಾಲಿನ ಕಡೆ ಕೈ ತೋರಿಸುತ್ತಾರೆ. "ನೋಡಿ, ಅವರಿಗೋಸ್ಕರಾನೇ ಇಷ್ಟು ಜನ ನಿಂತಿರೋದು."