ಕಡಲೆಕಾಯಿ ಸಿಪ್ಪೆಯ ಸಾಕ್ಷಿ

ಶಿರಾದ ಪೇಟೆ ಪಕ್ಕದ ಸಣ್ಣ ಪಾರ್ಕನ್ನು ಒಂಬತ್ತು ವರ್ಷದಿಂದ ಗುಡಿಸುತ್ತಿದ್ದ ಕೊಲ್ಲಾಪುರಮ್ಮನಿಗೆ ಒಂದು ಚಾಳಿ ಇತ್ತು. ಯಾರು ಏನೇ ಹೇಳಲಿ, "ನಿಂಗೆಂಗ್ ಗೊತ್ತು?" ಎಂದು ಕೇಳಿಬಿಡುವುದು. ನೆಂಟರು ಅವಳ ಜೊತೆ ಮಾತಿಗೆ ಕೂರಲು ಹೆದರುತ್ತಿದ್ದರು.

ಹೀಗಾಗಿ ವಾರ್ಡಿನ ಮೆಂಬರ್ ನರಸಿಂಹರಾಜು, "ಈ ಪಾರ್ಕಿಗೆ ಒಂದು ನರಪಿಳ್ಳೆನೂ ಬರಾಕಿಲ್ಲ, ಮಳಿಗೆ ಕಟ್ಟೋದೇ ಸರಿ" ಎಂದಾಗ ಅವಳು ಸುಮ್ಮನಿರಲಿಲ್ಲ.

"ನಿಮ್ಗೆಂಗ್ ಗೊತ್ತು, ರಾಜಣ್ಣ?"

"ಮೂರು ದಿನ ನಾನೇ ಬಂದ್ ನೋಡಿದೀನಿ ಕಣಮ್ಮ, ಮಧ್ಯಾನ ಎರಡು ಗಂಟೆಗೆ."

ಆ ಹೊತ್ತಿನ ಬಿಸಿಲಿಗೆ ಶಿರಾದಲ್ಲಿ ನಾಯಿಯೂ ನೆರಳು ಬಿಟ್ಟು ಕದಲುವುದಿಲ್ಲ. "ದಿನಾ ಎರಡು ಮಂಕರಿ ಕಡ್ಲೇಕಾಯ್ ಸಿಪ್ಪೆ ಗುಡುಸ್ತೀನಿ. ಜನ ಬರ್ದೆ ಸಿಪ್ಪೆ ಎಲ್ಲಿಂದ್ ಬತ್ತದೆ?" ಎಂದಳು. ಪಾರ್ಕು ಹೋದರೆ ಅವಳ ಕೆಲಸವೂ ಹೋದಂತೆಯೇ. ಸಂಜೆ ವಾಕಿಂಗಿಗೆ ಬರುವ ವನಜಾಕ್ಷಿ ಟೀಚರು ಸಿಪ್ಪೆಯ ಮಾತನ್ನೇ ಅರ್ಜಿಯಲ್ಲಿ ಬರೆದುಕೊಟ್ಟರು. ಶುಕ್ರವಾರ ನಗರಸಭೆಯಲ್ಲಿ ತೀರ್ಮಾನ ಎಂದಾಯಿತು.

ಆದರೆ ಚಾಳಿ ಅವಳನ್ನೂ ಬಿಡಲಿಲ್ಲ. ಗುಡಿಸುವುದು ನಸುಕಿನ ಕತ್ತಲಲ್ಲಿ. ಕಾಯಿ ತಿಂದವರ ಮುಖ ಅವಳು ಕಂಡೇ ಇರಲಿಲ್ಲ. ಬುಧವಾರ ಬೆಳಕು ಹರಿದ ಮೇಲೆ ಮಂಕರಿ ಸುರಿದುಕೊಂಡು ಕೂತಳು. ಚಿಕ್ಕಂದಿನಲ್ಲಿ ಕೂಲಿಗೆ ಕಾಯಿ ಸುಲಿದವಳು ಅವಳು. ಬೆರಳಲ್ಲಿ ಒತ್ತಿದ ಸಿಪ್ಪೆ ಎರಡು ಹೋಳಾಗುತ್ತದೆ, ಮಿಷನ್ನಿನದು ಚೂರುಚೂರು. ಮಂಕರಿಯ ತುಂಬ ಚೂರೇ ಇತ್ತು, ಹೋಳು ಒಂದು ಬೊಗಸೆ. ಇಷ್ಟು ವರ್ಷ ಅವಳು ಗುಡಿಸಿದ್ದು ಎದುರಿನ ಕಡಲೆಕಾಯಿ ಮಿಲ್ಲಿನಿಂದ ಗಾಳಿಗೆ ಹಾರಿ ಬಂದ ಹೊಟ್ಟನ್ನು! ಮೊದಲು ನಗು ಬಂತು, ಆಮೇಲೆ ಹೆದರಿಕೆಯಾಯಿತು. ಎದ್ದು ಟೀಚರ ಬಳಿಗೆ ಹೋದಳು.

"ಮೇಡಮ್ಮೋರೆ, ಸಿಪ್ಪೆ ವಿಸ್ಯ ಹೊಡ್ದಾಕ್ಬುಡಿ."

"ಅಯ್ಯೋ, ನಮಗಿದ್ದಿದ್ದು ಅದೊಂದೇ ಸಾಕ್ಷಿ ಅಲ್ವೇನಮ್ಮ!"

"ಅದು ಮಿಲ್ಲಿನ ಸಾಕ್ಷಿ, ನಮ್ದಲ್ಲ."

ಅಂದು ಸಂಜೆ ನಡೆಯುವ ದಾರಿಯ ಪಕ್ಕ ಕೂತು, ಮುಂದೆ ಹಾದುಹೋದ ಒಬ್ಬೊಬ್ಬರಿಗೂ ಒಂದೊಂದು ಕಡಲೆಬೀಜವನ್ನು ಸೆರಗಿಗೆ ಹಾಕಿಕೊಂಡಳು. ಎಪ್ಪತ್ತು ದಾಟಿದಾಗ ಹಿರಿಹಿರಿ ಹಿಗ್ಗಿದಳು. ಆಮೇಲೆ ನೋಡಿದರೆ ಸುತ್ತು ಹಾಕುತ್ತಿದ್ದ ವನಜಾಕ್ಷಿ ಟೀಚರ್ ಒಬ್ಬರಿಗೇ ಹನ್ನೊಂದು ಬೀಜ ಬಿದ್ದಿತ್ತು. ಗುರುವಾರ ಮುಖ ನೋಡಿ ಎಣಿಸಿದಳು. ಹದಿನಾರು ಜನ.

ಸಭೆಯಲ್ಲಿ ಅಷ್ಟನ್ನೇ ಹೇಳಿದಳು. ಸಿಪ್ಪೆಯ ಮಾತು ತನ್ನ ತಪ್ಪು ಎಂದೂ ಒಪ್ಪಿಕೊಂಡಳು. "ಬರೀ ಹದಿನಾರಾ?" ಎಂದು ನರಸಿಂಹರಾಜು ನಕ್ಕರು. ನಗರಸಭೆಯ ಅಧಿಕಾರಿ ನಗಲಿಲ್ಲ. "ನೀವು ಒಬ್ಬರೂ ಬರಲ್ಲ ಅಂದಿದ್ರಿ. ಇವತ್ತು ಸಂಜೆ ನೀವೇ ಎಣಿಸಿ, ಸಹಿ ಹಾಕಿ ಕೊಡಿ. ಜನ ಇದ್ರೆ ಪಾರ್ಕು ಉಳೀಲಿ," ಎಂದರು.

ಸಂಜೆ ನರಸಿಂಹರಾಜು ಐದರಿಂದ ಏಳರವರೆಗೆ ಬೆಂಚಿನ ಮೇಲೆ ಕೂತರು. ಎದ್ದು, "ಹದಿನೈದು ಕಣಮ್ಮ," ಎಂದರು.

ಅವಳ ಲೆಕ್ಕಕ್ಕೆ ಹದಿನಾಲ್ಕೇ ಸಿಕ್ಕಿತ್ತು. "ನಿಮ್ಮುನ್ನೂ ಸೇರುಸ್ಕಂಡ್ರಾ?"

"ಹೂಂ ಮತ್ತೆ! ಎರಡು ಗಂಟೆ ಕೂತಿಲ್ವಾ ನಾನು?"

"ಎಣ್ಸಾಕ್ ಬಂದೋರ್ನ ಎಣ್ಸಂಗಿಲ್ಲ ರಾಜಣ್ಣ. ಹದ್ನಾಕೇ ಬರೀರಿ. ನಾಳೆ ಸುಮ್ಕೆ ಕೂರಾಕ್ ಬನ್ನಿ, ಆಗ ಹದ್ನೈದು ಮಾಡನ."

ನರಸಿಂಹರಾಜು ಹದಿನೈದನ್ನು ಹೊಡೆದು, ಹದಿನಾಲ್ಕು ಎಂದು ಬರೆದು ಸಹಿ ಹಾಕಿದರು.